ಕೆಂಪೆದೆ ಹೆಬ್ಬಾತಿನ ಬಲಗಾಲು

ಸಾಲ್ತಮ್ ಊರಿನ ಅಂಚೆ ಕಚೇರಿಯ ಕಿಟಕಿಗೆ ಹಳದಿ ಕಾಗದ ಅಂಟಿತೆಂದರೆ ಚಳಿಗಾಲ ಬಂತೆಂದೇ ಅರ್ಥ. ಅಕ್ಟೋಬರಿನಿಂದ ಮಾರ್ಚ್‌ವರೆಗೆ, ತಿಂಗಳ ಎರಡನೆಯ ಶನಿವಾರ ಮಧ್ಯಾಹ್ನ ಎರಡಕ್ಕೆ, ಊರಿನ ಸಮುದಾಯ ಭವನದಲ್ಲಿ ಹಕ್ಕಿಗಳ ಬಗ್ಗೆ ಮಾತು. ಜೊತೆಗೆ ಚಹಾ, ಕೇಕು, ಲಾಟರಿ ಚೀಟಿ. ಹಿಂದೆ ಇದು ಸಂಜೆ ಏಳೂವರೆಗೆ ನಡೆಯುತ್ತಿತ್ತು. ಹಕ್ಕಿ ಸಂಘದ ಸದಸ್ಯರಿಗೆಲ್ಲ ವಯಸ್ಸಾಗಿ, ಕತ್ತಲಲ್ಲಿ ಕಾರು ಓಡಿಸುವುದು ಕಷ್ಟವಾದ ಮೇಲೆ ಮಧ್ಯಾಹ್ನಕ್ಕೆ ಬಂತು.

"ಹಕ್ಕಿ ನೋಡೋ ಹೊತ್ತಲ್ಲಿ ಪರದೆ ಎಳ್ಕೊಂಡು, ದೀಪ ಆರಿಸ್ಕೊಂಡು, ಹಕ್ಕಿ ಫೋಟೋ ನೋಡೋ ಜನ ಅಂದ್ರೆ ನಾವೇ ಕಣ್ರೀ" ಎಂದು ಚಹಾ ಹಂಡೆಯ ಒಡತಿ ಪೆಗ್ ಡಫೀಲ್ಡ್ ಪ್ರತಿ ಅಕ್ಟೋಬರಿನಲ್ಲಿ ಒಮ್ಮೆ ಹೇಳುತ್ತಾಳೆ. ಜನ ಪ್ರತಿ ಸಲವೂ ನಗುತ್ತಾರೆ.

ಹಳದಿ ಕಾಗದ ಬರೆಯುವವಳು ಡೋರೀನ್ ಗಾಟ್ಸ್. ಅವಳಿಗೆ ಈಗ ಎಪ್ಪತ್ತೆರಡು. ಯಾರು ಬಂದು ಮಾತಾಡಬೇಕು, ಯಾವ ತಿಂಗಳು, ಅವರನ್ನು ರೈಲು ನಿಲ್ದಾಣದಿಂದ ಕರೆತರುವವರು ಯಾರು, ಇದೆಲ್ಲ ಗೊತ್ತುಮಾಡುವುದು ಅವಳ ಕೆಲಸ. ಇಪ್ಪತ್ತೈದು ವರ್ಷದಲ್ಲಿ ಅವಳು ಎಂಥೆಂಥವರನ್ನು ಕರೆಸಿಲ್ಲ! ಗೂಬೆಗಳ ಬಗ್ಗೆ ಮಾತಾಡಲು ಬಂದವರೊಬ್ಬರು ತಮ್ಮ ಎರಡು ಮದುವೆಗಳ ಬಗ್ಗೆ ಒಂದು ಗಂಟೆ ಮಾತಾಡಿ ಹೋದರು. ಪೆಂಗ್ವಿನ್ ತೋರಿಸುತ್ತೇನೆಂದು ಬಂದವರು ಹಡಗಿನಲ್ಲಿ ತಾವು ತಿಂದ ಊಟಗಳ ಅರವತ್ತು ಫೋಟೋ ತೋರಿಸಿದರು. ಒಬ್ಬ ಮಹಾಶಯರು ಹದಿನೈದು ಹಕ್ಕಿಗಳ ಕೂಗನ್ನು ಬಾಯಲ್ಲೇ ಕೂಗಿದರು, ಕೊನೆಯದಕ್ಕೆ ಅವರ ಹಲ್ಲಿನ ಸೆಟ್ಟು ಹಾರಿ ಮೊದಲ ಸಾಲಿಗೆ ಬಿತ್ತು. ಆ ವರ್ಷದ ಅತ್ಯುತ್ತಮ ಮಾತು ಅದೇ ಎಂದು ಊರವರು ಇಂದಿಗೂ ಹೇಳುತ್ತಾರೆ.

ಇಷ್ಟು ಜನರ ಬಾಯಿ ತೆರೆಸಿದ ಡೋರೀನ್ ತಾನು ಮಾತ್ರ ಒಮ್ಮೆಯೂ ವೇದಿಕೆ ಹತ್ತಿದವಳಲ್ಲ. ಮಾತು ನಡೆಯುವಾಗ ಅವಳ ಜಾಗ ಹಿಂದೆ, ಅಡುಗೆಕೋಣೆಯ ಕಿಟಕಿಯ ಪಕ್ಕ.

ಅವಳು ಹುಟ್ಟಿದ್ದು ಕೂಲಿಯವರ ಮನೆಯಲ್ಲಿ. ಅಪ್ಪ, ಅಮ್ಮ ಇಬ್ಬರೂ ಸಕ್ಕರೆ ಬೀಟಿನ ಹೊಲದಲ್ಲಿ ಕಳೆ ತೆಗೆಯುತ್ತಿದ್ದವರು. ಅವಳಿಗೆ ಆಗ ಹೆಬ್ಬಾತು ಎಂದರೆ ಅಪ್ಪ ಡಬ್ಬ ಬಡಿದು ಓಡಿಸುವ ಪೀಡೆ, ಅಷ್ಟೆ. ಹದಿನೈದಕ್ಕೆ ಶಾಲೆ ಬಿಟ್ಟು ಬಟಾಣಿ ಡಬ್ಬಿಗೆ ತುಂಬುವ ಕಾರ್ಖಾನೆಗೆ ಸೇರಿದಳು. ಮದುವೆಯಾದ ಮೇಲೆ ಊರ ಶಾಲೆಯ ಅಡುಗೆಮನೆಗೆ ಬಂದು ಮೂವತ್ತೊಂದು ವರ್ಷ ಮಕ್ಕಳಿಗೆ ಆಲೂಗಡ್ಡೆ ಬೇಯಿಸಿದಳು. ಪಾತ್ರೆ ತೊಳೆಯುವ ತೊಟ್ಟಿಯ ಎದುರಿಗೇ ಕಿಟಕಿ, ಕಿಟಕಿಯಾಚೆ ರೆಗ್ ಮೇಸ್‌ನ ಹೊಲ. ದಿನಕ್ಕೆ ಇನ್ನೂರು ತಟ್ಟೆ ತೊಳೆಯುವವಳು ಎಲ್ಲಾದರೂ ನೋಡಲೇಬೇಕಲ್ಲ. ಅವಳು ಹಕ್ಕಿ ನೋಡಿದಳು. ಹೆಸರು ಗೊತ್ತಿರಲಿಲ್ಲವಾಗಿ ತಾನೇ ಇಟ್ಟುಕೊಂಡಳು: ಬಾಲ ಕುಣಿಸುವವಳು, ಚುಕ್ಕೆಹೊಟ್ಟೆಯವನು, ಜಗಳಗಂಟ. ಇದನ್ನು ಕೇಳಿಸಿಕೊಂಡ ಕ್ಲೈವ್ ಕೆರಿಸನ್ ಮೇಷ್ಟ್ರು ಗ್ರಂಥಾಲಯದಿಂದ ತೆಗೆದುಹಾಕಿದ್ದ ಬೆನ್ನು ಹರಿದ ಹಕ್ಕಿ ಪುಸ್ತಕವೊಂದನ್ನು ಅವಳ ಕೈಗಿಟ್ಟರು. ವಾರಕ್ಕೆ ಒಂದು ಪುಟದಂತೆ, ಪಾಠ ಓದುವ ಹಾಗೆ, ಡೋರೀನ್ ಅದನ್ನು ಮೊದಲಿಂದ ಕೊನೆಯವರೆಗೆ ಕಲಿತಳು. ಹಕ್ಕಿ ಸಂಘಕ್ಕೆ ಅವಳನ್ನು ಕರೆದುಕೊಂಡು ಹೋದವರೂ ಅವರೇ. ಡಾಕ್ಟರು, ವಕೀಲರು, ಮೂರು ಕಾಲಿನ ಮೇಲೆ ನಿಲ್ಲಿಸುವ ಟೆಲಿಸ್ಕೋಪಿನವರು ಕೂತಿದ್ದ ಆ ಸಭೆಯಲ್ಲಿ, ಒಂದು ಕಣ್ಣು ಮಂಜಾದ ಹಳೆಯ ದುರ್ಬೀನು ಹಿಡಿದ ಡೋರೀನ್ ಮೊದಲ ವರ್ಷವಿಡೀ ಕೋಟು ಬಿಚ್ಚದೆ ಕೊನೆಯ ಸಾಲಿನಲ್ಲಿ ಕೂತಳು.

ಸಂಘದಲ್ಲಿ ಮಾತಿಗಿಂತಲೂ ಮುಖ್ಯವಾದದ್ದು ಚಹಾ ಆದಮೇಲೆ ನಡೆಯುವ ಅರ್ಧ ಗಂಟೆ. 'ಈಚೆಗೆ ಕಂಡದ್ದು' ಎಂದು ಅದಕ್ಕೆ ಹೆಸರು. ಒಬ್ಬೊಬ್ಬರೂ ಎದ್ದು ತಾವು ಕಂಡ ಹಕ್ಕಿ ಹೇಳಬೇಕು. ಅರ್ನಾಲ್ಡ್ ವೈಮರ್ ಅದನ್ನು ದಪ್ಪ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ, ಅಥವಾ ಬರೆದುಕೊಳ್ಳುವುದಿಲ್ಲ. ರೈಲ್ವೆ ಸಿಗ್ನಲ್ ಕೋಣೆಯಲ್ಲಿ ನಲವತ್ತು ವರ್ಷ ದುಡಿದವನು. ಒಂದು ಗಾಡಿಯನ್ನೂ ತಪ್ಪು ಹಳಿಗೆ ಬಿಟ್ಟವನಲ್ಲ.

"ಎಷ್ಟು ದೂರ?" ಎನ್ನುತ್ತಾನೆ. "ಬೆಳಕು ನಿನ್ನ ಬೆನ್ನಿಗಿತ್ತೋ ಮುಖಕ್ಕಿತ್ತೋ? ಕಾಲಿನ ಬಣ್ಣ? ಕಾಲು ಕಾಣಲಿಲ್ಲ ಅಂದ್ರೆ ಕಾಣಲಿಲ್ಲ ಅಂತ ಹೇಳಪ್ಪ, ನಾಚಿಕೆ ಯಾಕೆ?"

ಈ ಜನರ ಆಸ್ತಿಯೆಂದರೆ ಬಾಯಿಮಾತು. ಒಬ್ಬನೇ ಹೋಗಿ ಒಬ್ಬನೇ ನೋಡಿ ಬಂದದ್ದನ್ನು ಉಳಿದವರು ನಂಬಬೇಕು. ಒಮ್ಮೆ ಒಬ್ಬ ದಂತವೈದ್ಯರು ತಾವು ಕಾಣದ ಹದ್ದನ್ನು ಕಂಡೆನೆಂದು ಹೇಳಿ ಸಿಕ್ಕಿಬಿದ್ದರು. ಅಂದಿನಿಂದ ಅವರು "ಹೊರಗೆ ಗುಬ್ಬಚ್ಚಿ ಕೂತಿದೆ" ಎಂದರೂ ಜನ ಎದ್ದುಹೋಗಿ ಕಿಟಕಿಯಲ್ಲಿ ಇಣುಕಿ, ಖಾತ್ರಿ ಮಾಡಿಕೊಂಡು ಬಂದು ಕೂರುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ. ಎರಡು ಚಳಿಗಾಲ ತಾಳಿ, ಅವರು ಗಾಲ್ಫ್ ಆಡಲು ಹೋದರು.

ಇಪ್ಪತ್ತಾರು ವರ್ಷದ ಹಿಂದೆ, ಜನವರಿಯ ಒಂದು ಸೋಮವಾರ, ಡೋರೀನ್ ಆಲೂಗಡ್ಡೆ ಸಿಪ್ಪೆಯ ಬಕೆಟ್ಟು ಹಿಡಿದು ಶಾಲೆಯ ಹಿತ್ತಲಿಗೆ ಬಂದಳು. ಮೇಸ್‌ನ ಹೊಲದಲ್ಲಿ ಬೀಟು ಕಿತ್ತಾಗಿತ್ತು. ಕೊಚ್ಚಿ ಬಿಟ್ಟ ಸೊಪ್ಪಿನ ಮೇಲೆ ಎರಡು ಸಾವಿರ ಗುಲಾಬಿಗಾಲಿನ ಹೆಬ್ಬಾತುಗಳು ಮೇಯುತ್ತಿದ್ದವು. ಆ ಬೂದುಬಣ್ಣದ ಗುಂಪಿನ ನಡುವೆ ಒಂದು ಗಿಡ್ಡ ಹಕ್ಕಿ. ಕಪ್ಪು ಮೈ, ಬಿಳಿ ಗೆರೆ, ಇಟ್ಟಿಗೆಗೆಂಪು ಕೆನ್ನೆ, ಇಟ್ಟಿಗೆಗೆಂಪು ಎದೆ. ಯಾರೋ ಬಿಡುವಾಗಿ ಕೂತು ಬಣ್ಣ ಹಚ್ಚಿ ಬಿಟ್ಟಂತಿತ್ತು. ಪುಸ್ತಕದ ಆ ಪುಟ ಅವಳಿಗೆ ಬಾಯಿಪಾಠ. ಸೈಬೀರಿಯದ ಹಕ್ಕಿ ಅದು, ಈ ಸೀಮೆಯಲ್ಲಿ ಯಾರೂ ಕಂಡದ್ದಿಲ್ಲ.

ಮುಖ್ಯೋಪಾಧ್ಯಾಯರ ಕೋಣೆಗೆ ಓಡಿ ಅರ್ನಾಲ್ಡ್‌ಗೆ ಫೋನು ಮಾಡಿದಳು.

"ಕೆಂಪೆದೆ ಹೆಬ್ಬಾತು ಬಂದಿದೆ ಅರ್ನಾಲ್ಡ್. ಮೇಸ್ ಹೊಲದಲ್ಲಿ."

"ಬಾತುಕೋಳಿ ಇರ್ಬೇಕು, ಇನ್ನೊಂದ್ಸಲ ನೋಡು."

"ಅಡುಗೆಮನೇಲಿ ಇರೋಳು ನಾನು. ಯಾವುದು ಬಾತುಕೋಳಿ ಅಂತ ನನಗೆ ನೀನು ಹೇಳ್ಕೊಡ್ತೀಯಾ? ಬರ್ತೀಯೋ ಇಲ್ವೋ?"

ಅರ್ನಾಲ್ಡ್ ಸೈಕಲ್ಲಿನಲ್ಲಿ ಬಂದ. ನಲವತ್ತು ನಿಮಿಷ ಬೇಲಿಗೆ ಒರಗಿ ನೋಡಿದ. ಆಮೇಲೆ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, "ಹೌದು" ಎಂದ. ಅಷ್ಟೇ ಹೇಳಿದ್ದು. ಆದರೆ ಅವನು ಟೋಪಿ ತೆಗೆದದ್ದನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ.

ಮರುದಿನ ಬೆಳಗಾಗುವಷ್ಟರಲ್ಲಿ ದೇಶದ ಮೂಲೆಮೂಲೆಯಿಂದ ಕಾರುಗಳು. ಸ್ಕಾಟ್ಲೆಂಡಿನಿಂದ ನಿದ್ದೆಗೆಟ್ಟು ಬಂದವರಿದ್ದರು. ಪೆಗ್ ಶಾಲೆಯ ಗೇಟಿನ ಬಳಿ ಒಲೆ ಹೂಡಿ ಬೇಕನ್ ಇಟ್ಟ ಬನ್ನು ಮಾರಿದಳು. ಎಲ್ಲರೂ "ಕಂಡವರು ಯಾರು?" ಎಂದು ಕೇಳುವುದು, "ಆ ಅಡುಗೆಮನೆಯ ಹೆಂಗಸು" ಎಂದು ಬೆರಳು ಮಾಡುವುದು. ಟೆಲಿಸ್ಕೋಪಿನ ಗಡ್ಡದವರು ಬಂದು ಡೋರೀನ್‌ಳ ಒದ್ದೆ ಕೈ ಕುಲುಕಿ ಹೋಗುವುದು. ಅವಳಿಗಂತೂ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಎಲ್ಲಕ್ಕಿಂತ ಆಶ್ಚರ್ಯವೆಂದರೆ ರೆಗ್ ಮೇಸ್. ಹೆಬ್ಬಾತು ಕಂಡರಾಗದು ಅವನಿಗೆ. ಬೀಟು ಕಿತ್ತ ವಾರದಲ್ಲೇ ಸೊಪ್ಪನ್ನು ಉತ್ತು ಮುಚ್ಚಿಬಿಡುತ್ತಿದ್ದ. ಸೊಪ್ಪು ಸಿಗದ ಹಕ್ಕಿಗಳು ಪಕ್ಕದ ಎಳೆ ಗೋಧಿಗೆ ಬಿದ್ದರೆ ಹಕ್ಕಿ ಬೆದರಿಸುವ ಗ್ಯಾಸಿನ ಫಿರಂಗಿ ಹಾರಿಸುತ್ತಿದ್ದ. ಫೆಬ್ರವರಿ ನಡುವಿನವರೆಗೆ ಸೊಪ್ಪು ಉಳಿಸಿದರೆ ಅವು ಗೋಧಿಯ ಗೊಡವೆಗೆ ಬರುವುದಿಲ್ಲ ಎಂದು ಕ್ಲೈವ್ ಮೇಷ್ಟ್ರು ವರ್ಷಗಟ್ಟಲೆ ಹೇಳಿದ್ದರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಗೇಟಿನಲ್ಲಿ ನಿಂತು ಬಂದವರಿಗೆಲ್ಲ ದಾರಿ ತೋರಿಸುತ್ತಿದ್ದ. "ಶನಿವಾರದ ಮಾತಿಗೆ ನಾನೂ ಬತ್ತೀನಿ. ಸೊಪ್ಪಿನ ವಿಚಾರ ಅಲ್ಲೇ ಹೇಳ್ತೀನಿ" ಎಂದುಬಿಟ್ಟ.

ಆ ಶನಿವಾರ ಬೆಳಿಗ್ಗೆ ಶಾಲೆಗೆ ರಜೆ. ಡೋರೀನ್ ಸುಮ್ಮನೆ ಹಕ್ಕಿ ನೋಡಲೆಂದು ಒಬ್ಬಳೇ ಹೋದಳು. ದಿನವೂ ಸೊಪ್ಪಿನೊಳಗೆ ಕಾಲು ಹುದುಗಿಸಿಕೊಂಡಿರುತ್ತಿದ್ದ ಕೆಂಪೆದೆ ಅಂದು ಹೊಲದಂಚಿನ ಬರಿ ನೆಲಕ್ಕೆ ಬಂದಿತ್ತು. ಅವಳು ನೋಡುತ್ತಿದ್ದಂತೆ ಅದು ಬಲಗಾಲೆತ್ತಿ ತಲೆ ಕೆರೆದುಕೊಂಡಿತು. ಕಾಲಿನಲ್ಲಿ ಅಗಲವಾದ ಕೆಂಪು ಪ್ಲಾಸ್ಟಿಕ್ ಬಳೆ.

ಅವಳು ದುರ್ಬೀನು ಇಳಿಸಿದಳು. ತಮ್ಮ ತೋಟದ ಕೊಳದಲ್ಲಿ ಬಣ್ಣದ ಹಕ್ಕಿ ಸಾಕುವ ಶೋಕಿಯವರು ಗುರುತಿಗೆ ಹಾಕುವ ಬಳೆ ಅದು. ಸೈಬೀರಿಯವೂ ಇಲ್ಲ, ಸಾವಿರಾರು ಮೈಲಿ ಹಾರಾಟವೂ ಇಲ್ಲ. ಯಾರದೋ ಬಂಗಲೆಯ ಬೇಲಿ ಹಾರಿ ಬಂದಿದೆ. ಸಾಕಿದ ಹಕ್ಕಿ ಲೆಕ್ಕಕ್ಕಿಲ್ಲ. ಅದನ್ನು ಯಾರೂ ತಾವು ಕಂಡ ಹಕ್ಕಿಗಳ ಪಟ್ಟಿಗೆ ಸೇರಿಸುವಂತಿಲ್ಲ.

ಜೇಬಿನ ನೋಟುಬುಕ್ಕಿನಲ್ಲಿ ಕಂಡದ್ದನ್ನು ಕಂಡಂತೆ ಬರೆದಳು. ಅರ್ನಾಲ್ಡ್‌ಗೆ ಹೇಳಿಬಿಡಬೇಕೆಂದು ಮಧ್ಯಾಹ್ನ ಭವನಕ್ಕೆ ಹೋದಳು. ಅವಳು ಬಾಯಿ ತೆರೆಯುವ ಮೊದಲೇ ಮೇಸ್ ಎದ್ದು ನಿಂತಿದ್ದ. "ಈ ವರ್ಷ ಸೊಪ್ಪು ಉಳದೆ ಬಿಡ್ತೀನಿ. ಆ ಕೆಂಪಿ ದೆಸೆಯಿಂದ" ಎಂದ. ಜನ ಕುರ್ಚಿಯಿಂದೆದ್ದು ಚಪ್ಪಾಳೆ ಹೊಡೆದರು. ಡೋರೀನ್ ಬಾಯಿ ಮುಚ್ಚಿಕೊಂಡಳು. ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆ ಮುಂದಿನ ವಾರವಾಯಿತು. ಫೆಬ್ರವರಿಯಲ್ಲಿ ಹಕ್ಕಿ ಹೋಯಿತು. ಅರ್ನಾಲ್ಡ್ ಮೂರು ಪುಟದ ವರದಿ ಬರೆದು ದೇಶದ ಹಕ್ಕಿ ದಾಖಲೆಯವರಿಗೆ ಕಳಿಸಿ ದಾಖಲೆ ಒಪ್ಪಿಸಿಕೊಂಡ. ಸಂಘದ ಕಾಗದದ ತಲೆಯಲ್ಲಿ, ಚಹಾ ಮಗ್ಗಿನ ಮೇಲೆ, ಸ್ವೆಟರಿನ ಎದೆಯ ಮೇಲೆ ಕೆಂಪೆದೆ ಹೆಬ್ಬಾತು ಬಂದು ಕೂತಿತು. ಅದನ್ನು ಕಂಡುಹಿಡಿದವಳೆಂದು ಡೋರೀನ್‌ಳನ್ನು ಸಮಿತಿಗೆ ಸೇರಿಸಿಕೊಂಡರು, ಮರುವರ್ಷ ಕಾರ್ಯದರ್ಶಿ ಮಾಡಿದರು.

ಮೇಸ್ ಮತ್ತೆ ಸೊಪ್ಪು ಉಳಲಿಲ್ಲ. ಅವನನ್ನು ನೋಡಿ ಸುತ್ತಲಿನ ಆರು ಹೊಲದವರೂ ಸೊಪ್ಪು ಬಿಟ್ಟರು. ಹೆಬ್ಬಾತುಗಳು ಈಗ ವರ್ಷವೂ ಹತ್ತು ಸಾವಿರ ಬರುತ್ತವೆ. ಆದರೆ ಜನವರಿ ಸಭೆಯಲ್ಲಿ ಯಾರಾದರೂ ಕೆಂಪೆದೆಯ ಕಥೆ ತೆಗೆದರೆ ಡೋರೀನ್ ಅಡುಗೆಕೋಣೆಗೆ ಹೋಗಿ ನಲ್ಲಿ ಜೋರಾಗಿ ಬಿಡುತ್ತಾಳೆ.

"ಒಂದೇ ಕಪ್ಪನ್ನ ಎಷ್ಟು ಸಲ ತೊಳೀತೀಯೇ? ಹೂವಿನ ಚಿತ್ರ ಅಳಿಸಿಹೋಗುತ್ತೆ" ಎನ್ನುತ್ತಾಳೆ ಪೆಗ್.

ಈ ವರ್ಷದ ಜನವರಿ ಮಾತು ಕಡಲ ಹಕ್ಕಿಗಳ ಬಗ್ಗೆ ಎಂದು ಹಳದಿ ಕಾಗದದಲ್ಲಿತ್ತು. ಗುರುವಾರ ಬೆಳಿಗ್ಗೆ ಆ ಮಾತುಗಾರರ ಹೆಂಡತಿಯ ಫೋನು ಬಂತು. ಅವರು ಮನೆಯ ಮುಂದಿನ ಮಂಜುಗಡ್ಡೆಯ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಿದ್ದರು. ಡೋರೀನ್ ತನಗೆ ಗೊತ್ತಿದ್ದವರಿಗೆಲ್ಲ ಫೋನು ಮಾಡಿದಳು. ಒಬ್ಬರಿಗೆ ಕೆಮ್ಮು, ಒಬ್ಬರ ಮಗಳ ಹೆರಿಗೆ. ಒಬ್ಬರು ತೀರಿಕೊಂಡು ಎರಡು ವರ್ಷವಾಗಿತ್ತು. ಮಧ್ಯಾಹ್ನ ಮೇಷ್ಟ್ರೂ ಪೆಗ್ಗೂ ಅವಳ ಮನೆಗೇ ಬಂದರು. ಮೇಷ್ಟ್ರು ಈಗ ಸಂಘದ ಅಧ್ಯಕ್ಷರು.

"ಇನ್ಯಾರನ್ನೂ ಹುಡುಕ್ಬೇಡ ಡೋರೀನ್. ನೀನೇ ಮಾತಾಡು. ಕೆಂಪೆದೆ ಹೆಬ್ಬಾತಿನ ಕಥೆ" ಎಂದರು ಮೇಷ್ಟ್ರು.

"ಅಯ್ಯೋ, ನನ್ನಿಂದ ಆಗಲ್ಲ ಮೇಷ್ಟ್ರೇ. ನನಗೆ ಮಾತಾಡೋಕೆ ಬರಲ್ಲ."

"ಬರಲ್ವಾ?" ಎಂದಳು ಪೆಗ್. "ನಲವತ್ತು ವರ್ಷದಿಂದ ನನ್ನ ಕಿವಿ ತೂತು ಮಾಡಿದ್ಯಲ್ಲೇ! ಅದಕ್ಕೇನು ಟಿಕೆಟ್ ಇಟ್ಟಿದ್ಯಾ? ಆಮೇಲೆ, ನಾನು ಬರೋ ದಾರೀಲೇ ಕಟುಕರ ಅಂಗಡೀಲೂ ಔಷಧಿ ಅಂಗಡೀಲೂ ಹೇಳ್ಬಿಟ್ಟೆ. ಊರಿಗೆಲ್ಲ ಗೊತ್ತಾಗಿರುತ್ತೆ ಈಗ."

ಅವರು ಹೋದ ಮೇಲೆ ಡೋರೀನ್ ಮೇಜಿನ ಮುಂದೆ ಕಾಗದವಿಟ್ಟುಕೊಂಡು ಕೂತಳು. ಆಲೂಗಡ್ಡೆ ಸಿಪ್ಪೆಯ ಬಕೆಟ್ಟಿನವರೆಗೆ ಸಲೀಸಾಗಿ ಬರೆದಳು. ಅರ್ನಾಲ್ಡ್ ಟೋಪಿ ತೆಗೆದದ್ದನ್ನೂ ಬರೆದಳು. ಶನಿವಾರಕ್ಕೆ ಬಂದಾಗ ಪೆನ್ನು ನಿಂತಿತು. ಇದುವರೆಗೆ ಅವಳು ಸುಳ್ಳು ಹೇಳಿರಲಿಲ್ಲ, ಸುಮ್ಮನಿದ್ದಳು ಅಷ್ಟೆ. ವೇದಿಕೆ ಹತ್ತಿ, ಅರವತ್ತು ಜನರ ಮುಂದೆ ಆ ಹಕ್ಕಿಯನ್ನು ಸೈಬೀರಿಯದಿಂದ ಹಾರಿಸಿಕೊಂಡು ಬಂದರೆ ಅದು ಸುಳ್ಳು. ನಿಜ ಹೇಳಿದರೆ? ದಂತವೈದ್ಯರ ಮುಖ ಕಣ್ಣ ಮುಂದೆ ಬಂತು. ಅವಳಿಗೆ ಗಾಲ್ಫ್ ಬರುವುದಿಲ್ಲ. ಬೀಟಿನ ಹೊಲದ ಕೂಲಿಯವನ ಮಗಳು, ಅಡುಗೆಯವಳು, ಅವಳು ಹೇಳಿದ್ದನ್ನು ಡಾಕ್ಟರು, ವಕೀಲರೂ ನಂಬುತ್ತಾರೆ ಎಂಬುದೊಂದೇ ಅವಳು ಈ ಜನರ ನಡುವೆ ಸಂಪಾದಿಸಿದ್ದು. ಹೋದರೆ ಅದೇ ಹೋಗುತ್ತದೆ.

ಆ ಹಾಳೆಯನ್ನು ಹರಿದು ಒಲೆಗೆ ಹಾಕಿದಳು. ಬೀರುವಿನ ತಳದಿಂದ ಆ ವರ್ಷದ ನೋಟುಬುಕ್ಕು ತೆಗೆದು ಕೈಚೀಲಕ್ಕೆ ಹಾಕಿಕೊಂಡಳು.

ಶನಿವಾರ ಕುರ್ಚಿ ಸಾಲದೆ ಪಕ್ಕದ ಚರ್ಚಿನಿಂದ ಬೆಂಚು ತಂದರು. ಅರ್ನಾಲ್ಡ್ ಹೆಬ್ಬಾತಿನ ಸ್ವೆಟರು ತೊಟ್ಟು ಮೊದಲ ಸಾಲಿನಲ್ಲಿ, ಮಡಿಲಲ್ಲಿ ದಪ್ಪ ಪುಸ್ತಕ. ಎಂಬತ್ತೈದರ ರೆಗ್ ಮೇಸ್ ಊರುಗೋಲಿನೊಂದಿಗೆ ಒಲೆಯ ಪಕ್ಕ. ಮೇಷ್ಟ್ರು, "ಇವತ್ತಿನ ಮಾತುಗಾರ್ತಿಯ ಪರಿಚಯ ಮಾಡಿಕೊಡೋ ಅಗತ್ಯ ಇಲ್ಲ. ಅವಳು ಬೇಯಿಸಿದ ಆಲೂಗಡ್ಡೆ ತಿಂದೇ ಈ ಊರಿನ ಅರ್ಧ ಜನ ಇಷ್ಟು ದಪ್ಪ ಆಗಿರೋದು" ಎಂದು ಕೂತರು.

ಡೋರೀನ್ ಮಾತಾಡಿದಳು. ಮೊದಲ ಎರಡು ನಿಮಿಷ ಅಡುಗೆಕೋಣೆಯ ಕಿಟಕಿಯನ್ನೇ ನೋಡುತ್ತ ಹೇಳಿದಳು. ಆಮೇಲೆ ಸಿಪ್ಪೆ ಬಕೆಟ್ಟು ಬಂತು, ಫೋನು ಬಂತು, "ಬಾತುಕೋಳಿ ಇರ್ಬೇಕು" ಎಂದು ಅರ್ನಾಲ್ಡ್‌ನ ದನಿಯಲ್ಲೇ ಹೇಳಿ ತೋರಿಸಿದಾಗ ಭವನ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅರ್ನಾಲ್ಡ್ ಕೂಡ ಮೂಗಿನಲ್ಲೇ ನಕ್ಕ. ತನಗೆ ಇಷ್ಟು ಚೆನ್ನಾಗಿ ಮಾತು ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಇಲ್ಲಿಗೇ ನಿಲ್ಲಿಸಿದರೆ ಎಷ್ಟು ಚಂದ ಎನ್ನಿಸಿತು.

"ಶನಿವಾರ ಬೆಳಿಗ್ಗೆ ನಾನೊಬ್ಬಳೇ ಹೋಗಿದ್ದೆ" ಎಂದಳು. "ಹಕ್ಕಿ ಕಾಲೆತ್ತಿ ತಲೆ ಕೆರ್ಕೊಳ್ತು. ಕಾಲಲ್ಲಿ ಬಳೆ ಇತ್ತು. ಕೆಂಪು ಪ್ಲಾಸ್ಟಿಕ್ ಬಳೆ. ಅದು ಸಾಕಿದ ಹಕ್ಕಿ. ಇಪ್ಪತ್ತಾರು ವರ್ಷದಿಂದ ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ. ಇಷ್ಟೇ ನನ್ನ ಮಾತು."

ಚಹಾ ಹಂಡೆ ಕುದಿಯುತ್ತಿತ್ತು. ಡೋರೀನ್ ತನ್ನ ಷೂ ನೋಡುತ್ತ ನಿಂತಳು.

ಮೇಷ್ಟ್ರು ಕುರ್ಚಿಯಿಂದ ಎದ್ದರು. "ನಾನೂ ನೋಡಿದ್ದೆ" ಎಂದರು.

"ಏನಂದ್ರಿ?"

"ಬಳೆ. ಐದನೇ ದಿನ ನೋಡ್ದೆ. ಆ ಹಕ್ಕೀನ ನನ್ನ ಪಟ್ಟಿಗೆ ಸೇರಿಸಿಲ್ಲ. ಆದ್ರೆ ನಿನ್ನ ಮುಖದಲ್ಲಿ ಅಂಥ ಖುಷಿ ನಾನು ಅದಕ್ಕೆ ಮುಂಚೆ ನೋಡಿರ್ಲಿಲ್ಲಮ್ಮ. ನಾನೊಬ್ಬನೇ ನೋಡಿರೋದು, ಇರ್ಲಿ ಬಿಡು ಅಂದ್ಕೊಂಡೆ."

ಅಡುಗೆಕೋಣೆಯ ಕಿಟಕಿಯಿಂದ ಪೆಗ್ ತಲೆ ಹೊರಹಾಕಿದಳು. "ನಾನೂ ನೋಡಿದ್ದೆ ಕಣೇ. ಗೇಟಿನ ಹತ್ರ ಒಲೆ ಹಚ್ಕೊಂಡು ನಿಂತಿದ್ದೆ. ಹೇಳಿದ್ರೆ ಜನ ಎಲ್ಲ ಹೊರಟುಹೋಗ್ತಾರೆ, ಅಷ್ಟೊಂದು ಬನ್ನು ನಾನೇನು ಮಾಡ್ಲಿ?"

ನಡುವಿನ ಸಾಲಿನಲ್ಲಿ ಒಂದು ಕೈ ಎದ್ದಿತು. ಅದರ ಹಿಂದೆ ಇನ್ನೆರಡು. ಔಷಧಿ ಅಂಗಡಿಯಾಕೆ ಮುಖ ಕೆಂಪಗೆ ಮಾಡಿಕೊಂಡು, ತಾನೂ ಕಂಡಿದ್ದೆ, ಗಂಡನಿಗೂ ಹೇಳಿರಲಿಲ್ಲ ಎಂದಳು. ಪಕ್ಕದಲ್ಲಿದ್ದ ಗಂಡ ಅವಳತ್ತ ತಿರುಗಿ, "ನಾನೂ" ಎಂದ. ಒಟ್ಟು ಹನ್ನೊಂದು ಕೈ. ಹನ್ನೊಂದು ಜನರೂ ಪ್ರಾಮಾಣಿಕವಾಗಿ ಆ ಹಕ್ಕಿಯನ್ನು ತಮ್ಮ ಪಟ್ಟಿಯಿಂದ ಹೊರಗಿಟ್ಟಿದ್ದರು. ಹನ್ನೊಂದು ಜನರೂ ಅದರ ಚಿತ್ರವಿದ್ದ ಮಗ್ಗಿನಲ್ಲಿ ಇಪ್ಪತ್ತಾರು ವರ್ಷ ಚಹಾ ಕುಡಿದಿದ್ದರು, ಬಳೆ ಕಂಡವರು ತಾವೊಬ್ಬರೇ ಎಂದುಕೊಂಡು.

ಒಲೆಯ ಪಕ್ಕದಿಂದ ಊರುಗೋಲು ನೆಲಕ್ಕೆ ಕುಟ್ಟಿದ ಸದ್ದಾಯಿತು.

"ಅಲ್ರಯ್ಯಾ, ನಿಮಗೆಲ್ಲ ಗೊತ್ತಿಲ್ದೆ ಇತ್ತಾ?" ಎಂದ ಮೇಸ್. "ನಾನು ಟ್ರ್ಯಾಕ್ಟರ್ ಮೇಲಿದ್ದೆ, ಇಪ್ಪತ್ತು ಮಾರು ದೂರ. ಮೊದಲ್ನೇ ದಿನವೇ ಕಂಡಿದ್ದೆ. ನನ್ನ ಕೈಲಿ ಸೊಪ್ಪು ಬಿಡಿಸೋಕೆ ಇವರು ಯಾರ್ದೋ ಮನೆ ಹಕ್ಕಿ ತಂದು ಬಿಟ್ಟವ್ರೆ, ಭಾರಿ ಕಿಲಾಡಿಗಳು ಅಂದ್ಕೊಂಡಿದ್ದೆ ನಾನು!"

"ಹಾಗಾದ್ರೆ ಸೊಪ್ಪು ಯಾಕೆ ಬಿಟ್ಟೆ ರೆಗ್?" ಎಂದು ಡೋರೀನ್ ಕೇಳಿದಳು.

"ನನ್ನ ಹೊಲ ನೋಡೋಕೆ ಸ್ಕಾಟ್ಲೆಂಡಿಂದ ಜನ ಬಂದಿದ್ರಲ್ಲವ್ವ. ನಮ್ಮಪ್ಪ ಸತ್ತಾಗಲೂ ಅಷ್ಟು ಜನ ಬಂದಿರ್ಲಿಲ್ಲ." ಮೇಸ್ ಸುತ್ತ ನೋಡಿದ. "ಈಗೇನು, ಈ ವರ್ಷ ಉತ್ಬುಡ್ಲಾ?"

"ಬೇಡ!" ಎಂದು ಅರವತ್ತು ಗಂಟಲು ಒಟ್ಟಿಗೆ ಕೂಗಿದವು. ಆಮೇಲೆ ಹುಟ್ಟಿದ ನಗೆ ನಿಲ್ಲಲು ಬಹಳ ಹೊತ್ತು ಬೇಕಾಯಿತು.

ನಗದಿದ್ದವನು ಅರ್ನಾಲ್ಡ್ ಒಬ್ಬನೇ. ಡೋರೀನ್ ಅದನ್ನು ಕಂಡಳು. ಅಂದು ಹೊಲಕ್ಕೆ ಹೋಗಿದ್ದ ಸಂಘದವರಲ್ಲಿ ಬಳೆಯನ್ನು ಕಾಣದೆ ಇದ್ದವನು, ವರದಿ ಬರೆದವನು, ಆ ಹಕ್ಕಿಯನ್ನು ನಿಜವಾಗಿ ತನ್ನ ಪಟ್ಟಿಗೆ ಸೇರಿಸಿಕೊಂಡವನು ಅವನೊಬ್ಬನೇ. ಎಲ್ಲರನ್ನೂ ಹಕ್ಕಿಯ ಕಾಲಿನ ಬಣ್ಣ ಕೇಳುತ್ತಿದ್ದ ಮನುಷ್ಯ. ನಗು ಒಬ್ಬೊಬ್ಬರಾಗಿ ನಿಂತಿತು. ಅರ್ನಾಲ್ಡ್ ಎದ್ದ.

"ಯಾವ ಕಾಲು?" ಎಂದ.

"ಎಡಗಾಲು" ಎಂದರು ಮೇಷ್ಟ್ರು.

"ಎಡ ಅಂತೆ! ಬಲಗಾಲು" ಎಂದಳು ಪೆಗ್.

"ಎಡವೇ. ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ."

"ನಿಮ್ಮ ಕಣ್ಣಿಗೆ ಕಟ್ಟಿರೋದು ಪೊರೆ ಮೇಷ್ಟ್ರೇ. ಹೋದ ತಿಂಗಳು ತೆಗೆಸ್ಕೊಂಡ್ರಲ್ಲ, ಅದು."

ಔಷಧಿ ಅಂಗಡಿಯಾಕೆ ಬಲ ಎಂದಳು, ಗಂಡ ಎಡ ಎಂದ. ಮೇಸ್, ಎರಡು ಕಾಲಲ್ಲೂ ಇತ್ತು ಎಂದ. ಭವನದ ತುಂಬ ಜನ ತಮ್ಮ ತಮ್ಮ ಕಾಲೆತ್ತಿ ತಲೆ ಕೆರೆದುಕೊಳ್ಳುವ ಹಕ್ಕಿಯ ಹಾಗೆ ನಿಂತು ತೋರಿಸತೊಡಗಿದರು. ಅರ್ನಾಲ್ಡ್ ಕೈಯೆತ್ತಿದ. ಸಿಗ್ನಲ್ ಬಿದ್ದಂತೆ ಎಲ್ಲ ನಿಂತಿತು.

"ಅವತ್ತೇ ಬರೆದಿಟ್ಟವರು ಯಾರು?"

ಡೋರೀನ್ ಕೈಚೀಲದಿಂದ ನೋಟುಬುಕ್ಕು ತೆಗೆದು ವೇದಿಕೆಯಿಂದಿಳಿದು ಅವನ ಕೈಗೆ ಕೊಟ್ಟಳು. ಅರ್ನಾಲ್ಡ್ ಕನ್ನಡಕ ಬದಲಿಸಿಕೊಂಡು ಗಟ್ಟಿಯಾಗಿ ಓದಿದ:

"ಶನಿವಾರ, ಎಂಟು ಗಂಟೆ ಇಪ್ಪತ್ತು ನಿಮಿಷ. ಬೆಳಕು ಬೆನ್ನಿಗೆ. ನಲವತ್ತು ಗಜ. ಬಲಗಾಲೆತ್ತಿ ತಲೆ ಕೆರೆದುಕೊಂಡಿತು. ಮಂಡಿಯ ಕೆಳಗೆ ಕೆಂಪು ಬಳೆ, ಅಗಲ, ಪ್ಲಾಸ್ಟಿಕ್. ಅಕ್ಷರ ಓದಲಾಗಲಿಲ್ಲ. ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತಿದೆ."

ಕೊನೆಯ ಸಾಲನ್ನೂ ಅವನು ಅದೇ ದನಿಯಲ್ಲಿ ಓದಿದ. ಪುಟ ತಿರುಗಿಸಿ, ಹಿಂದಿನದನ್ನೂ ಮುಂದಿನದನ್ನೂ ನೋಡಿ, ನೋಟುಬುಕ್ಕು ಮುಚ್ಚಿದ.

"ಟಿಪ್ಪಣಿ ಅಂದ್ರೆ ಇದು" ಎಂದ. "ಕ್ಲೈವ್, ನಿನ್ನ ಬಳೆಗೆ ಟಿಪ್ಪಣಿ ಇಲ್ಲ. ಒಪ್ಪಲ್ಲ. ಪೆಗ್, ಬನ್ನು ಮಾರ್ತಾ ನೋಡಿದ್ದು ಒಪ್ಪಲ್ಲ. ರೆಗ್, ಎರಡು ಕಾಲಲ್ಲೂ ಬಳೆ ಇತ್ತು ಅಂದ್ಯಲ್ಲ, ನಿನ್ನದಂತೂ ಕೇಳಲೇಬೇಡ. ಡೋರೀನ್‌ದು ಒಪ್ಪಿದೆ."

ಅವನು ಕೂತು, ದಪ್ಪ ಪುಸ್ತಕದಲ್ಲಿ ಇಪ್ಪತ್ತಾರು ವರ್ಷ ಹಿಂದ್ಹಿಂದಕ್ಕೆ ಹೋಗಿ, ಅಡಿಕೋಲು ಇಟ್ಟು ಒಂದು ಸಾಲಿಗೆ ಗೆರೆ ಎಳೆದ. ಆಮೇಲೆ ಅಂಗಿ ಜೇಬಿನಿಂದ ತನ್ನ ಸ್ವಂತ ಪಟ್ಟಿ ತೆಗೆದು ಅಲ್ಲೂ ಎಳೆದ.

ಚಹಾಕ್ಕೆ ಎದ್ದಾಗ ಡೋರೀನ್ ಒಂದು ತಟ್ಟೆ ನಿಂಬೆ ಕೇಕು ಹಿಡಿದು ಅವನ ಹತ್ತಿರ ಹೋದಳು.

"ನಿನಗೆ ಮೊದಲೇ ಹೇಳ್ಬೇಕಿತ್ತು ಅರ್ನಾಲ್ಡ್. ತಪ್ಪಾಯ್ತು."

"ಹೇಳ್ಬೇಕಿತ್ತು" ಎಂದ ಅರ್ನಾಲ್ಡ್. ಕೇಕು ತೆಗೆದುಕೊಂಡ. "ನಲವತ್ತು ನಿಮಿಷ ನೋಡಿದ್ದೆ ಅವತ್ತು. ವರದೀಲಿ 'ಕಾಲು: ಕಪ್ಪು' ಅಂತ ಬರೆದೆ. ಕಾಲು ಕಂಡೇ ಇರ್ಲಿಲ್ಲ ನನಗೆ. ಪುಸ್ತಕದಲ್ಲಿ ಕಪ್ಪು ಅಂತ ಇತ್ತು, ಬರೆದುಬಿಟ್ಟೆ." ಇನ್ನೊಂದು ತುಂಡು ಕೇಕು ತೆಗೆದುಕೊಂಡ. "ಇದನ್ನ ಪೆಗ್‌ಗೆ ಹೇಳ್ಬೇಡ."

"ಪೆಗ್‌ಗಾ? ನನಗೇನು ತಲೆ ಕೆಟ್ಟಿದ್ಯಾ?"

ಚಹಾ ಮುಗಿದು 'ಈಚೆಗೆ ಕಂಡದ್ದು' ಶುರುವಾಯಿತು. ಕಪ್ಪುಗಳೆಲ್ಲ ತೊಟ್ಟಿಯಲ್ಲಿ ಬಿದ್ದಿದ್ದವು. ಅಂದು ಡೋರೀನ್ ಅವನ್ನು ತೊಳೆಯಲು ಹೋಗಲಿಲ್ಲ. ಮೊದಲ ಸಾಲಿನ ತುದಿಯಲ್ಲಿ ಕೂತಳು. ಮೇಷ್ಟ್ರು ತಾವು ಕಂಡ ಗಿಡುಗನನ್ನು ಹೇಳಿ ಅರ್ನಾಲ್ಡ್‌ನಿಂದ ಏಳು ಪ್ರಶ್ನೆ ಕೇಳಿಸಿಕೊಂಡು, ಆರಕ್ಕೆ ಉತ್ತರಿಸಿ ಕೂತರು. ಆಮೇಲೆ ಯಾರೆಂದು ಅರ್ನಾಲ್ಡ್ ತಲೆಯೆತ್ತಿದಾಗ ಡೋರೀನ್ ಕೈ ಎತ್ತಿದಳು.

"ನಿನ್ನೆ ಸಂಜೆ, ಕೆರೆಯ ಹಾದಿಯಲ್ಲಿ. ಗಿಡ್ಡಕಿವಿ ಗೂಬೆ. ಬೇಲಿ ಗೂಟದ ಮೇಲೆ ಕೂತಿತ್ತು."

ಹಳ್ಳಿಗೆ ಅಪರೂಪದ ಗೂಬೆ ಅದು. ಜನ ತಿರುಗಿ ನೋಡಿದರು. ದಂತವೈದ್ಯರ ಕಾಲದ ಹಾಗೆ ಕಿಟಕಿಯ ಕಡೆ ಯಾರೂ ನೋಡಲಿಲ್ಲ, ಎಲ್ಲರೂ ಅರ್ನಾಲ್ಡ್‌ನತ್ತ ನೋಡಿದರು. ಅರ್ನಾಲ್ಡ್ ಪೆನ್ಸಿಲಿನ ತುದಿ ನಾಲಿಗೆಗೆ ಮುಟ್ಟಿಸಿಕೊಂಡ.

"ಎಷ್ಟು?"

"ಒಂದು."

"ಒಂದು" ಎಂದು ಬರೆದುಕೊಂಡು, "ಮುಂದಿನವರು ಯಾರಪ್ಪಾ?" ಎಂದ.